ಮಡಚುವ ಟ್ರೈಮರಾನ್ ಕೊಳ್ಳುವ ಮೊದಲು ಒಮ್ಮೆ ಮಡಚಿ ನೋಡಿ

ಪ್ರಶ್ನೆ: ಹತ್ತು ವರ್ಷದಿಂದ 7 ಮೀಟರ್ ಉದ್ದದ, ತಳದಲ್ಲಿ ಭಾರದ ಕೀಲ್ (ದೋಣಿಯಡಿ ಇಳಿಬಿದ್ದ ರೆಕ್ಕೆ) ಇರುವ ಹಾಯಿದೋಣಿ ನಡೆಸುತ್ತಿದ್ದೇವೆ. ಈಗ ಅದನ್ನು ಕೊಟ್ಟು, ಟ್ರೇಲರ್ ಮೇಲೆ ಎಳೆದುಕೊಂಡು ಹೋಗಬಹುದಾದ ಮಡಚುವ ಟ್ರೈಮರಾನ್ (ಮೂರು ಒಡಲಿನ ಹಾಯಿದೋಣಿ) ಕೊಳ್ಳೋಣ ಅಂತಿದ್ದೇವೆ. ನಾವು ಗಂಡ ಹೆಂಡತಿ, ಜೊತೆಗೆ ಇಬ್ಬರು ಮಕ್ಕಳು. ವರ್ಷದಲ್ಲಿ ಆರೇಳು ಸಲ ಎರಡು ಮೂರು ರಾತ್ರಿ ದೋಣಿಯಲ್ಲೇ ಮಲಗುವ ಆಸೆ. ಯಾವ ಅಳತೆಯದು ಸರಿ? ಮಡಚುವ ವಿಧಾನಗಳಲ್ಲಿ ಯಾವುದು ಒಳ್ಳೆಯದು? ಹಳೆಯದು ಕೊಂಡರೆ ಏನು ನೋಡಬೇಕು? ಇನ್ನೊಂದು ಭಯ, ಇದು ಮಗುಚುತ್ತದಾ?

ಉತ್ತರ: ನಿಮ್ಮ ಪತ್ರದಲ್ಲಿ ಕಾರಿನ ವಿಚಾರ ಎಲ್ಲೂ ಇಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಇಪ್ಪತ್ತು ವರ್ಷದಲ್ಲಿ ನಾನು ಕಂಡ ಮಟ್ಟಿಗೆ, ಮಡಚುವ ಟ್ರೈಮರಾನ್ ಕೊಂಡು ಬೇಸರಪಟ್ಟವರಲ್ಲಿ ದೋಣಿ ನಿಧಾನ ಅಂತ ಹೇಳಿದವರು ಒಬ್ಬರೂ ಇಲ್ಲ. ಎಲ್ಲರ ಮಾತೂ ಒಂದೇ. ಎಳೆಯೋದು ಕಷ್ಟ, ಹಾಯಿಯ ಕಂಬ ನಿಲ್ಲಿಸೋದು ಕಷ್ಟ, ನೀರಿಗೆ ಇಳಿಸುವ ಹೊತ್ತಿಗೆ ಅರ್ಧ ದಿನ ಹೋಯಿತು. ಆಮೇಲೆ ದೋಣಿ ಟ್ರೇಲರ್ ಮೇಲೆಯೇ ಉಳಿದುಬಿಡುತ್ತದೆ. ಹಾಗಾಗಿ ಮೊದಲು ನೋಡಬೇಕಾದ್ದು ದೋಣಿ ದಡದ ಮೇಲೆ ಹೇಗಿರುತ್ತದೆ ಅನ್ನೋದನ್ನು. ನೀರಿನ ಮೇಲೆ ಇವೆಲ್ಲ ಚೆನ್ನಾಗಿಯೇ ಓಡುತ್ತವೆ.

ನಿಮ್ಮ ಕಾರಿನ ಪುಸ್ತಕ ತೆಗೆದು ಅದು ಎಷ್ಟು ಭಾರ ಎಳೆಯಬಲ್ಲದು ಅಂತ ನೋಡಿ. ಮಾರುವವರು ಹೇಳುವ ತೂಕ ಬರೀ ದೋಣಿಯದು. 8 ಮೀಟರಿನ ಟ್ರೈಮರಾನ್ ಸುಮಾರು 1,200 ಕೆ.ಜಿ. ಅಂತಿಟ್ಟುಕೊಳ್ಳಿ. ಗಟ್ಟಿ ಟ್ರೇಲರ್ ಅಂದರೆ ಇನ್ನೊಂದು 400 ಕೆ.ಜಿ. ಮೋಟಾರು, ಪೆಟ್ರೋಲು, ಲಂಗರು, ಹಾಯಿಗಳು, ನಿಮ್ಮ ಗಂಟುಮೂಟೆ ಸೇರಿ 200 ಕೆ.ಜಿ. ದಾಟುತ್ತದೆ. ಹೆಚ್ಚುಕಮ್ಮಿ 1,800 ಆಯಿತು. ಕಾರಿನ ಮಿತಿ 1,800 ಇದ್ದರೆ ಸಾಲದು, ಏರುದಾರಿಗೆ ಮತ್ತು ಬ್ರೇಕಿಗೆ ಸ್ವಲ್ಪ ಉಳಿಸಿಕೊಳ್ಳಬೇಕು. ಟ್ರೇಲರಿಗೆ ಅದರದೇ ಬ್ರೇಕ್ ಇರಲೇಬೇಕು. ಒಟ್ಟು ಭಾರದ ಶೇ. 5ರಿಂದ 10ರಷ್ಟು ಕಾರಿನ ಕೊಕ್ಕೆಯ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಆಡಿಸತೊಡಗುತ್ತದೆ. ಒಮ್ಮೆ ಆ ಓಲಾಟ ಶುರುವಾದರೆ ಹಿಡಿತಕ್ಕೆ ತರುವುದು ಬಹಳ ಕಷ್ಟ. ಇನ್ನೊಂದು ಮಾತು. ಪಾಚಿ ಕಟ್ಟಿದ ಒದ್ದೆ ಇಳಿಜಾರಿನಲ್ಲಿ ಮುಂದಿನ ಚಕ್ರದಿಂದ ಎಳೆಯುವ ಕಾರು ಜಾರುತ್ತದೆ. ಭಾರ ಹಿಂದಕ್ಕೆ ವಾಲಿದಾಗ ಮುಂದಿನ ಚಕ್ರಕ್ಕೆ ನೆಲದ ಹಿಡಿತವೇ ಇರುವುದಿಲ್ಲ. ನೀವು ಹೋಗುವ ಕಡೆ ಇಳಿಜಾರು ಕಡಿದಾಗಿದ್ದರೆ ನಾಲ್ಕು ಚಕ್ರದ ಎಳೆತ ಇರುವ ಗಾಡಿಯೇ ಬೇಕು.

ಆಮೇಲೆ ಅಗಲ. ಅಮೆರಿಕದ ಹೆದ್ದಾರಿಗಳಲ್ಲಿ ಮಿತಿ 102 ಇಂಚು, ಅಂದರೆ ಸುಮಾರು 2.59 ಮೀಟರ್. ಯುರೋಪಿನಲ್ಲಿ 2.55, ಆಸ್ಟ್ರೇಲಿಯಾದಲ್ಲಿ 2.5. ಒಂದೆರಡು ಸೆಂಟಿಮೀಟರಿಗೆ ಏನಾಗುತ್ತದೆ ಅನ್ನಬೇಡಿ. ಮಡಚಿದಾಗ 2.57 ಮೀಟರ್ ಬರುವ ದೋಣಿ ಒಂದು ದೇಶದಲ್ಲಿ ಸಲೀಸು, ಇನ್ನೊಂದರಲ್ಲಿ ವಿಶೇಷ ಅನುಮತಿ ಬೇಕಾದ ಸರಕು. ಟೇಪು ಹಿಡಿದು ನೀವೇ ಅಳೆಯಿರಿ. ಹೊರಗೆ ಚಾಚಿದ ಚಿಕ್ಕ ಕೊಂಡಿಯೂ ಅಳತೆಗೆ ಸೇರುತ್ತದೆ.

ಈಗ ಮಡಚುವ ವಿಧಾನಕ್ಕೆ ಬರೋಣ. ನಿಮ್ಮ ಪ್ರಶ್ನೆಯ ತಿರುಳು ಇದೇ.

ಟ್ರೈಮರಾನಿಗೆ ನಡುವೆ ಒಂದು ಮುಖ್ಯ ಒಡಲು, ಎರಡೂ ಪಕ್ಕ ತೆಳ್ಳಗಿನ ಫ್ಲೋಟ್‌ಗಳು, ಅವನ್ನು ಹಿಡಿದಿಡುವ ತೋಳುಗಳು. ಪಾಲಿನೇಷ್ಯದ ದೋಣಿಕಾರರ ಮಾತಿನಿಂದ ಬಂದ ವಾಕಾ, ಆಮಾ, ಆಕಾ ಅನ್ನುವ ಹೆಸರುಗಳೂ ಇವಕ್ಕಿವೆ. ಹಳೆಯ ಕೈಪಿಡಿಗಳಲ್ಲಿ ಅವು ಸಿಗುತ್ತವೆ, ಗಾಬರಿಯಾಗಬೇಡಿ. ಬಿಚ್ಚಿದಾಗ ಐದಾರು ಮೀಟರ್ ಅಗಲ ಇರುವ ಈ ದೋಣಿಯನ್ನು ರಸ್ತೆಯ ಅಗಲಕ್ಕೆ ತರುವುದು ಹೇಗೆ ಅನ್ನೋದು ಬಹಳ ದಿನದ ತಲೆನೋವಾಗಿತ್ತು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಇಯನ್ ಫ್ಯಾರಿಯರ್ 1970ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಇದಕ್ಕೊಂದು ಚೆಂದದ ದಾರಿ ಕಂಡುಹಿಡಿದರು. ಮೊದಲು ಟ್ರೇಲರ್‌ಟ್ರೈ ಸಾಲಿನ ದೋಣಿಗಳು ಬಂದವು. ಅವರು ಅಮೆರಿಕಕ್ಕೆ ಹೋದ ಮೇಲೆ, 1985ರಲ್ಲಿ, ಕೊರ್ಸೇರ್ ಕಂಪನಿಯ ಎಫ್-27 ಕ್ಯಾಲಿಫೋರ್ನಿಯಾದಲ್ಲಿ ನೀರಿಗಿಳಿಯಿತು. ಆ ಒಂದು ಮಾದರಿಯೇ 400ಕ್ಕೂ ಹೆಚ್ಚು ತಯಾರಾಯಿತು. ಫ್ಯಾರಿಯರ್ 2017ರಲ್ಲಿ ತೀರಿಕೊಂಡರು. ಆದರೆ ಇವತ್ತಿಗೂ ಈ ಬಗೆಯ ದೋಣಿ ಅಂದ ಕೂಡಲೇ ಬಲ್ಲವರ ಬಾಯಿಗೆ ಬರುವ ಮೊದಲ ಹೆಸರು ಅವರದ್ದೇ.

ಅವರ ವಿಧಾನದಲ್ಲಿ ಒಂದೊಂದು ಬದಿಗೆ ಎರಡೆರಡು ತೋಳು. ತೋಳಿನ ಒಳತುದಿಯನ್ನು ಒಂದು ದಪ್ಪ ಬೋಲ್ಟು ಹಿಡಿದಿರುತ್ತದೆ. ಅದನ್ನು ಬಿಚ್ಚಿದರೆ ಒಳತುದಿ ಮೇಲೇಳುತ್ತದೆ, ಫ್ಲೋಟು ಕೆಳಗೆ ಒಳಕ್ಕೆ ಸರಿದು ಮುಖ್ಯ ಒಡಲಿಗೆ ಅಂಟಿಕೊಳ್ಳುತ್ತದೆ. ಹಕ್ಕಿ ರೆಕ್ಕೆ ಮುಚ್ಚಿದ ಹಾಗೆ. ನೀರಿನ ಮೇಲೆಯೇ ಮಾಡಬಹುದು. ಅಭ್ಯಾಸವಾದವರಿಗೆ ಒಂದು ಬದಿಗೆ ಒಂದೆರಡು ನಿಮಿಷ ಸಾಕು, ದೊಡ್ಡ ಶಕ್ತಿಯೂ ಬೇಡ. ಇದರ ಕೊರತೆ ಒಂದೇ. ಮಡಚಿದಾಗ ಫ್ಲೋಟು ಪಕ್ಕಕ್ಕೆ ಹೊರಳಿ ಮಲಗುತ್ತದೆ. ಬಣ್ಣದ ಮೈಯೇ ನೀರಿನೊಳಗೆ. ಒಂದೆರಡು ರಾತ್ರಿ ಹಾಗೆ ನಿಲ್ಲಿಸಿದರೆ ಪರವಾಗಿಲ್ಲ. ವಾರಗಟ್ಟಲೆ ಬಿಟ್ಟರೆ ಪಾಚಿ, ಚಿಪ್ಪು ಹತ್ತಿಕೊಳ್ಳುತ್ತದೆ. ಮಡಚಿದ ದೋಣಿಗೆ ಅಗಲ ಇಲ್ಲವಾದ್ದರಿಂದ ಸ್ಥಿರತೆಯೂ ಕಡಿಮೆ. ಮೋಟಾರಿನಲ್ಲಿ ಮೆಲ್ಲಗೆ ಹೋಗಬಹುದು ಅಷ್ಟೆ. ಜೋರು ಗಾಳಿ, ಅಲೆಗೆ ಹಾಗೇ ಒಡ್ಡಬಾರದು.

ಡೆನ್ಮಾರ್ಕಿನ ಕ್ವಾರ್ನಿಂಗ್ ಕುಟುಂಬದ ಡ್ರ್ಯಾಗನ್‌ಫ್ಲೈ ದೋಣಿಗಳು ಬೇರೆ ಹಾದಿ ಹಿಡಿದಿವೆ. ಅಲ್ಲಿ ಫ್ಲೋಟು ಕೆಳಗಿಳಿಯುವುದಿಲ್ಲ. ಬಾಗಿಲು ಮುಚ್ಚಿದ ಹಾಗೆ ಅಡ್ಡಲಾಗಿ ಹಿಂದಕ್ಕೆ ಸರಿದು ಒಡಲಿಗೆ ಒತ್ತಿಕೊಳ್ಳುತ್ತದೆ. ಫ್ಲೋಟು ನೆಟ್ಟಗೇ ಇರುತ್ತದೆ, ತಳವೇ ನೀರಿನಲ್ಲಿ. ಹಾಗಾಗಿ ಮಡಚಿಟ್ಟು ತಿಂಗಳುಗಟ್ಟಲೆ ಬಂದರಿನಲ್ಲಿ ನಿಲ್ಲಿಸಬಹುದು. ಆದರೆ ಫ್ಲೋಟು ಹಿಂದೆ ಚಾಚುವುದರಿಂದ ಮಡಚಿದಾಗ ದೋಣಿ ಇನ್ನಷ್ಟು ಉದ್ದವಾಗುತ್ತದೆ. ಟ್ರೇಲರೂ ಉದ್ದ, ತಿರುವಿನಲ್ಲಿ ಕಷ್ಟ, ಮನೆ ಮುಂದೆ ಜಾಗವೂ ಹೆಚ್ಚು ಬೇಕು. ಕೆಲಸ ಬಹಳ ನಯ. ನನಗೆ ಇವು ತುಂಬಾ ಇಷ್ಟ. ಬಂದರಿನಲ್ಲಿ ನಿಲ್ಲಿಸಿ, ವರ್ಷಕ್ಕೆ ಒಂದೆರಡು ಸಲ ಮಾತ್ರ ಎಳೆಯುವವರಿಗೆ ಇದನ್ನೇ ಹೇಳುತ್ತೇನೆ. ನೀವು ಪ್ರತಿ ಸಲವೂ ಎಳೆಯುವವರು. ನಿಮಗೆ ಫ್ಯಾರಿಯರ್ ವಿಧಾನವೇ ಒಗ್ಗುತ್ತದೆ.

ಮೂರನೆಯದು ಕೊಳವೆಯೊಳಗೆ ಕೊಳವೆ ಜಾರುವ ತೋಳು. ಫ್ರಾನ್ಸಿನ ಆಸ್ಟಸ್ ದೋಣಿಗಳಲ್ಲಿ ಇದೇ ಇದೆ. ಸರಳ, ಹಗುರ. ಆದರೆ ಮರಳು ಅಥವಾ ಉಪ್ಪು ಸೇರಿಕೊಂಡರೆ ಕೊಳವೆ ಬಿಗಿಯುತ್ತದೆ, ತೊಳೆಯುತ್ತಿರಬೇಕು. ಇನ್ನು ತೋಳನ್ನೇ ಪೂರ್ತಿ ಕಳಚಿ ಜೋಡಿಸುವ ದೋಣಿಗಳು. ಹಗಲಿನ ಓಟಕ್ಕೆ ಅವು ಚೆನ್ನ. ನಾಲ್ಕು ಜನ ಮಲಗುವ ಮಾತು ಬಂದ ಮೇಲೆ ಅವನ್ನು ಮರೆತುಬಿಡಿ.

ಎಷ್ಟು ಉದ್ದದ್ದು ಅನ್ನುವುದನ್ನು ತೀರ್ಮಾನಿಸುವುದು ಭಾರ. ಕೀಲ್ ದೋಣಿಯಿಂದ ಬರುವವರಿಗೆ ಇದು ಬೇಗ ಮನಸ್ಸಿಗೆ ಇಳಿಯುವುದಿಲ್ಲ. ನಿಮ್ಮ ಈಗಿನ ದೋಣಿಗೆ 300 ಕೆ.ಜಿ. ಸಾಮಾನು ಹಾಕಿದರೂ ಅದು ಗೊಣಗುವುದಿಲ್ಲ. ಟ್ರೈಮರಾನಿನ ನಡುವಿನ ಒಡಲು ನೀರಿನ ಮಟ್ಟದಲ್ಲಿ ತೀರಾ ಸಪೂರ, ಅದರ ವೇಗದ ಗುಟ್ಟೇ ಅದು. ಭಾರ ಏರಿದಷ್ಟೂ ಆ ಒಡಲು ಆಳಕ್ಕೆ ಕೂರುತ್ತದೆ. ಆಗ ಎರಡೂ ಫ್ಲೋಟು ಒಟ್ಟಿಗೆ ನೀರನ್ನು ಸವರತೊಡಗುತ್ತವೆ. ಓಟ ಸಾಯುತ್ತದೆ. ಅದಕ್ಕಿಂತ ಕೆಟ್ಟದ್ದು, ಗಾಳಿ ಒತ್ತಿದಾಗ ದೋಣಿಯನ್ನು ಎತ್ತಿ ಹಿಡಿಯಬೇಕಾದ ಫ್ಲೋಟಿನ ಅರ್ಧ ಬಲ ಮೊದಲೇ ಖರ್ಚಾಗಿರುತ್ತದೆ.

ನಿಮ್ಮ ಲೆಕ್ಕವನ್ನೇ ಹಾಕೋಣ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಸೇರಿ 230 ಕೆ.ಜಿ. ಮೂರು ದಿನಕ್ಕೆ ಕುಡಿಯುವ ನೀರು 40. ಆಹಾರ, ಒಲೆ, ಪಾತ್ರೆ 25. ಹಾಸಿಗೆ, ಬಟ್ಟೆ 40. ಲಂಗರು, ಸರಪಳಿ 25. ಮೋಟಾರು 30, ಪೆಟ್ರೋಲು 20. ಒಟ್ಟು 410. ಕೊರ್ಸೇರ್ ಪಲ್ಸ್ 600 ಅನ್ನುವ 6 ಮೀಟರಿನ ದೋಣಿಯ ತೂಕವೇ ಸುಮಾರು 450 ಕೆ.ಜಿ. ಅಂದರೆ ದೋಣಿಯಷ್ಟೇ ಭಾರವನ್ನು ನೀವು ಹೇರಿದ ಹಾಗೆ. ಇಬ್ಬರು ಹಗಲಿಡೀ ಸುತ್ತಲು ಅದು ಚಿಮ್ಮುವ ದೋಣಿ. ನಿಮ್ಮ ಸಂಸಾರಕ್ಕಲ್ಲ.

ಮುಂದಿನ ಮೆಟ್ಟಿಲು 7.3 ಮೀಟರಿನ ಆಸುಪಾಸಿನವು. ಕೊರ್ಸೇರ್ ಎಫ್-24, ಆಮೇಲೆ ಬಂದ ಸ್ಪ್ರಿಂಟ್ 750, ಡ್ಯಾಶ್ 750. ಸ್ಪ್ರಿಂಟ್‌ನಲ್ಲಿ ಕೂರುವ ಜಾಗ ದೊಡ್ಡದು, ಕೋಣೆ ಪುಟ್ಟದು, ಪಂದ್ಯದವರಿಗೆ ಅದು. ಡ್ಯಾಶ್‌ನಲ್ಲಿ ಅದೇ ಒಡಲಿನ ಮೇಲೆ ಕೋಣೆ ದೊಡ್ಡದು ಮಾಡಿದ್ದಾರೆ. ಇವುಗಳಲ್ಲಿ ನೀವು ಒಳಗೆ ಕೂರಬಹುದು, ನಿಲ್ಲಲಾಗದು. ಮಕ್ಕಳು ಚಿಕ್ಕವರಾಗಿದ್ದರೆ, ಹವೆ ಚೆನ್ನಾಗಿದ್ದರೆ ಎರಡು ರಾತ್ರಿ ಸುಖವಾಗಿ ಕಳೆಯಬಹುದು. ಮಳೆ ಹಿಡಿದುಕೊಂಡರೆ ನಾಲ್ಕು ಜನರಿಗೆ ಇಕ್ಕಟ್ಟು.

ಎಫ್-27 ಬಂದರೆ ಕಥೆ ಬೇರೆ. ಉದ್ದ 8.26 ಮೀಟರ್, ಬಿಚ್ಚಿದಾಗ ಅಗಲ 5.82, ಮಡಚಿದಾಗ ಸುಮಾರು 2.57. ತೂಕ ಸುಮಾರು 1,180 ಕೆ.ಜಿ. ಹಿಂಭಾಗದಲ್ಲಿ ಬೇರೆಯಾಗಿ ಒಂದು ಮಲಗುವ ಗೂಡು ಇದೆ, ಮಕ್ಕಳಿಗೆ ಅದು ಅರಮನೆ. ಮುಖ್ಯ ಕೋಣೆಯ ಚಾವಣಿಯ ಒಂದು ಭಾಗವನ್ನು ಮೇಲೆತ್ತಿ ನಿಲ್ಲಿಸಿದರೆ ಒಳಗೆ ನಿಂತುಕೊಳ್ಳಲೂ ಆಗುತ್ತದೆ. ತಳದಿಂದ ನೀರಿಗೆ ಇಳಿಬಿಟ್ಟ ಹಲಗೆಯನ್ನು (ಬೋರ್ಡು) ಮೇಲೆಳೆದರೆ 36 ಸೆಂಟಿಮೀಟರ್ ನೀರು ಸಾಕು. ಮೊಣಕಾಲು ಮುಳುಗದಷ್ಟು ನೀರಿನಲ್ಲಿ ದೋಣಿ ನಿಲ್ಲಿಸಿ, ಮಕ್ಕಳು ನಡೆದುಕೊಂಡೇ ದಡ ಸೇರುವುದನ್ನು ಒಮ್ಮೆ ನೋಡಿದರೆ ಸಾಕು, ಕೀಲ್ ದೋಣಿಗೆ ಮರಳಲು ಮನಸ್ಸು ಬರುವುದಿಲ್ಲ. ನಿಮ್ಮ ಕಾರು 2 ಟನ್ ಎಳೆಯುವುದಾದರೆ, ರಸ್ತೆಯ ಅಗಲದ ನಿಯಮ ಒಪ್ಪುವುದಾದರೆ, ಚೆನ್ನಾಗಿ ನೋಡಿಕೊಂಡ ಹಳೆಯ ಎಫ್-27 ಹುಡುಕಿ. ಇಲ್ಲದಿದ್ದರೆ ಡ್ಯಾಶ್ 750. ನನ್ನ ಸಲಹೆ ಇಷ್ಟೇ, ಬೇರೆ ಹೆಸರುಗಳ ಹಿಂದೆ ಸುಮ್ನೆ ಅಲೆಯಬೇಡಿ.

ಮಗುಚುವ ಭಯದ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಹೌದು, ಮಗುಚಬಹುದು. ಮಗುಚಿದರೆ ತಾನಾಗಿ ಎದ್ದು ನಿಲ್ಲುವುದಿಲ್ಲ. ನಿಮ್ಮ ಈಗಿನ ದೋಣಿ ವಾಲಿದರೆ ಕೀಲಿನ ಭಾರ ಎಳೆದು ನಿಲ್ಲಿಸುತ್ತದೆ. ಇಲ್ಲಿ ಆ ಭಾರವೇ ಇಲ್ಲ, ಅಗಲವೇ ಬಲ. ಬದಲಿಗೆ ಒಂದು ಸಮಾಧಾನ ಇದೆ. ಕೀಲಿನ ಸೀಸ ಇಲ್ಲದ್ದರಿಂದ, ಮುಚ್ಚಿದ ಗಾಳಿಕೋಣೆಗಳು ಇರುವುದರಿಂದ ಇದು ಮುಳುಗುವುದಿಲ್ಲ. ತಲೆಕೆಳಗಾದರೂ ತೇಲುತ್ತದೆ, ಅದನ್ನೇ ಹಿಡಿದುಕೊಂಡು ಸಹಾಯಕ್ಕೆ ಕಾಯಬಹುದು. ಲೈಫ್ ಜಾಕೆಟ್ ಮತ್ತು ನೀರಿಗೆ ಕೆಡದ ರೇಡಿಯೊ ಮೈಮೇಲೆಯೇ ಇರಬೇಕು. ಕೋಣೆಯ ಒಳಗೆ ಇಟ್ಟರೆ ಆ ಹೊತ್ತಿಗೆ ಕೈಗೆ ಸಿಗುವುದಿಲ್ಲ.

ನಿಮ್ಮ ಹತ್ತು ವರ್ಷದ ಅನುಭವ ಇಲ್ಲಿ ಒಂದು ಕಡೆ ಮೋಸ ಮಾಡುತ್ತದೆ. ಕೀಲ್ ದೋಣಿ ಗಾಳಿ ಜಾಸ್ತಿಯಾದಾಗ ವಾಲಿ ನಿಮಗೆ ಹೇಳುತ್ತದೆ. ವಾಲಿದಾಗ ಹಾಯಿಯಿಂದ ಗಾಳಿ ಸೋರಿಹೋಗುತ್ತದೆ. ಟ್ರೈಮರಾನ್ ಹಾಗಲ್ಲ. ಅದು ಹೆಚ್ಚು ವಾಲದೆ ಓಡುತ್ತಲೇ ಇರುತ್ತದೆ, ಎಲ್ಲವೂ ಸರಿಯಾಗಿದೆ ಅನ್ನಿಸುತ್ತದೆ. ಗಾಳಿಯ ಒತ್ತಡ ಅದರ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 12 ನಾಟ್ ಇದ್ದದ್ದು 17 ಆದರೆ ಒತ್ತಡ ಎರಡು ಪಟ್ಟು. ಆದ್ದರಿಂದ ಗಾಳಿ ನೀರಿಗೆ ಒತ್ತುತ್ತಿರುವ ಫ್ಲೋಟಿನ ಮೂತಿಯ ಮೇಲೆ ಯಾವಾಗಲೂ ಒಂದು ಕಣ್ಣಿರಲಿ. ಅದು ಅಲೆಗೆ ಇಳಿದು ಮೇಲೇಳಲು ತಡ ಮಾಡುತ್ತಿದೆ ಅಂದರೆ ಹಾಯಿ ಕಿರಿದು ಮಾಡುವ ಹೊತ್ತು ಆಗಲೇ ಮೀರುತ್ತಿದೆ. ಜನ ಹಿಂದಕ್ಕೆ ಸರಿಯಬೇಕು, ಹಾಯಿಯ ಹಗ್ಗ ಸಡಿಲಿಸಬೇಕು. ಎದುರುಗಾಳಿಯ ಓಟದಲ್ಲಿ ರಭಸ ಬಂದರೆ ಮೂತಿಯನ್ನು ಗಾಳಿಗೆ ತಿರುಗಿಸಿ. ಗಾಳಿ ಹಿಂದಿನಿಂದ ಇದ್ದಾಗ ರಭಸ ಬಂದರೆ ಗಾಳಿಯ ಜೊತೆಗೇ ತಿರುಗಿಸಿ. ಗಾಳಿ ಸರಿಯಾಗಿ ಪಕ್ಕದಿಂದ ಬರುವಾಗ ಎರಡೂ ದಾರಿ ದೂರ. ಅಪಾಯ ಹೆಚ್ಚಿರುವುದು ಅಲ್ಲೇ, ಅಲ್ಲಿ ಹಗ್ಗ ಕೈಯಲ್ಲೇ ಇರಲಿ. ಮಕ್ಕಳಿರುವ ದೋಣಿಯಲ್ಲಿ ನಾನು ಬೇರೆಯವರಿಗಿಂತ ಒಂದು ಹಂತ ಮೊದಲೇ ಹಾಯಿ ಇಳಿಸುತ್ತೇನೆ. ಹಾಗೆ ಮಾಡಿಯೂ ನಿಮ್ಮ ಹಳೆಯ ದೋಣಿಯನ್ನು ಹಿಂದೆ ಹಾಕುತ್ತೀರಿ.

ಹಳೆಯದನ್ನು ನೋಡುವಾಗ ಹೊರಗಿನ ಹೊಳಪಿಗೆ ಮರುಳಾಗಬೇಡಿ. ಮೊದಲು ತೋಳುಗಳು. ಬೋಲ್ಟಿನ ತೂತು ಮೊಟ್ಟೆಯ ಆಕಾರಕ್ಕೆ ಸವೆದಿದೆಯಾ? ಮಡಚುವ ಕೀಲುಗಳ ಸುತ್ತ, ಅವು ಒಡಲಿಗೆ ಸೇರುವಲ್ಲಿ, ಕೂದಲೆಳೆಯ ಬಿರುಕು ಇದೆಯಾ? ಬಿಚ್ಚಿದ ಸ್ಥಿತಿಯಲ್ಲಿ ಒಬ್ಬರು ಫ್ಲೋಟಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಲಿ, ನೀವು ಆ ಮಡಚುವ ಕೀಲಿನ ಮೇಲೆ ಬೆರಳಿಡಿ. ಟಕ್ ಅನ್ನುವ ಆಟ ಬೆರಳಿಗೆ ಸಿಕ್ಕರೆ ಒಳಗಿನ ಬುಶ್ ಅನ್ನುವ ಬಳೆ ಸವೆದಿದೆ. ಅದನ್ನು ಬದಲಾಯಿಸಬಹುದು. ಬಿರುಕು ಇದ್ದರೆ ಮಾತ್ರ ಬಲ್ಲವರನ್ನು ಕರೆಸದೆ ಮುಂದೆ ಹೋಗಬೇಡಿ.

ಡೆಕ್ಕಿನ ಮೇಲೆ ಪ್ಲಾಸ್ಟಿಕ್ ತಲೆಯ ಚಿಕ್ಕ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಠಣ್ ಅನ್ನುವಲ್ಲಿ ಗಟ್ಟಿ, ಡಬ್ ಅನ್ನುವಲ್ಲಿ ಒಳಗೆ ನೀರು ಕುಡಿದಿರಬಹುದು. ಕೊಂಡಿಗಳ ಬುಡದಲ್ಲಿ ಹೆಚ್ಚು ತಟ್ಟಿ. ಒಂದು ಗಂಟೆ ಓಡಿಸಿ ಬಂದ ಮೇಲೆ ಎರಡೂ ಫ್ಲೋಟಿನ ಮುಚ್ಚಳ ತೆಗೆದು ಒಳಗೆ ಕೈಹಾಕಿ. ಒಣಗಿರಬೇಕು. ಒಡಲಿಗೂ ಫ್ಲೋಟಿಗೂ ನಡುವೆ ಕಟ್ಟಿದ ಬಲೆಯ ಹೊಲಿಗೆಯನ್ನು ಉಗುರಿನಿಂದ ಕೆರೆಯಿರಿ. ಬಿಸಿಲಿಗೆ ಬೆಂದ ದಾರ ಪುಡಿಯಾಗುತ್ತದೆ. ಮಕ್ಕಳು ಇಡೀ ದಿನ ಕುಣಿಯುವುದು ಅದರ ಮೇಲೆಯೇ, ಅಲ್ವಾ? ಕಂಬ ಹಿಡಿದ ತಂತಿಗಳು ಯಾವ ವರ್ಷದವು ಅಂತ ಕೇಳಿ. ಹತ್ತು ವರ್ಷ ದಾಟಿದ್ದರೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಟ್ರೇಲರನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ನಾನೂ ನೋಡಿರಲಿಲ್ಲ. ನನ್ನ ಮೊದಲ ದೋಣಿ ತರುವಾಗ ದಾರಿಯ ನಡುವೆ ಒಂದು ಚಕ್ರದ ಬೇರಿಂಗು ಸುಟ್ಟುಹೋಯಿತು. ಕತ್ತಲಾಗುವವರೆಗೆ ರಸ್ತೆ ಬದಿಯಲ್ಲಿ ನಿಂತಿದ್ದೆವು, ಹಿಂದಿನಿಂದ ಲಾರಿಗಳು ಉಜ್ಜಿಕೊಂಡು ಹೋಗುತ್ತಿದ್ದವು. ಕಾರಣ ಆಮೇಲೆ ಗೊತ್ತಾಯಿತು. ಓಡಿ ಬಿಸಿಯಾದ ಚಕ್ರದ ನಡುಭಾಗವನ್ನು (ಹಬ್) ತಣ್ಣೀರಿಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ಸಂದಿಯಿಂದ ನೀರು ಹೀರಿಕೊಳ್ಳುತ್ತದೆ. ಉಪ್ಪುನೀರಾದರೆ ಕೆಲವೇ ತಿಂಗಳಲ್ಲಿ ತುಕ್ಕು. ಈಗ ನಾನು ದಡ ಮುಟ್ಟಿದ ಮೇಲೆ ಕಂಬ ನಿಲ್ಲಿಸುವ ಕೆಲಸ ಮುಗಿಸಿ, ಚಕ್ರ ಆರಿದ ಮೇಲೆಯೇ ನೀರಿಗಿಳಿಸುತ್ತೇನೆ. ಕೊಳ್ಳುವಾಗ ಚಕ್ರ ಎತ್ತಿಸಿ ಕೈಯಿಂದ ತಿರುಗಿಸಿ, ಗರಗರ ಸದ್ದು ಬರಬಾರದು. ಟೈರಿನ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ, ಓದಿ. ಕಡಿಮೆ ಓಡಿದ ಟೈರು ಸವೆಯದೆಯೂ ಮುದಿಯಾಗಿ ಬಿರಿಯುತ್ತದೆ.

ಕಂಬದ ಮಾತು ಬಂತಲ್ಲ, ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಈ ದೋಣಿಗಳ ಕಂಬ ಉದ್ದ, ಬುಡದಲ್ಲಿ ಕೀಲು ಇಟ್ಟು ಒಂದು ಊರುಗೋಲು ಮತ್ತು ಹಗ್ಗ ಸುತ್ತಿ ಎಳೆಯುವ ವಿಂಚಿನಿಂದ ಎಬ್ಬಿಸುತ್ತಾರೆ. ಏಳುವಾಗ ಪಕ್ಕಕ್ಕೆ ವಾಲದಂತೆ ಹಿಡಿಯುವ ತಾತ್ಕಾಲಿಕ ಹಗ್ಗಗಳು ಸರಿಯಾಗಿ ಕಟ್ಟಿವೆಯಾ ಅಂತ ಎರಡು ಸಲ ನೋಡಿ. ಎಲ್ಲಕ್ಕಿಂತ ಮೊದಲು ತಲೆಯೆತ್ತಿ ಕರೆಂಟಿನ ತಂತಿ ಇದೆಯಾ ನೋಡಿ. ನಿಂತ ಜಾಗದಲ್ಲಿ ಮಾತ್ರ ಅಲ್ಲ, ಅಲ್ಲಿಂದ ನೀರಿನವರೆಗೆ ಹೋಗುವ ದಾರಿ ಪೂರ್ತಿ. ಅಲ್ಯೂಮಿನಿಯಂ ಕಂಬ ಆಗಲಿ ಕಾರ್ಬನ್ ಕಂಬ ಆಗಲಿ, ಎರಡರಲ್ಲೂ ಕರೆಂಟು ಹರಿಯುತ್ತದೆ. ಮಕ್ಕಳಿಗೂ ಇದನ್ನು ಕಲಿಸಿ, ತಂತಿ ಹುಡುಕುವ ಕೆಲಸ ಅವರಿಗೇ ವಹಿಸಿ. ಅವರ ಕಣ್ಣು ಚುರುಕು.

ಮಾರುವವರ ಹತ್ತಿರ ಹೋದಾಗ ದೋಣಿ ಬಿಚ್ಚಿಟ್ಟು ಸಿದ್ಧ ಮಾಡಬೇಡಿ ಅಂತ ಮೊದಲೇ ಹೇಳಿ. ಟ್ರೇಲರ್ ಮೇಲೆ ಕಟ್ಟಿದ ಹಾಗೇ ಇರಲಿ. ನೀವು ಗಂಡ ಹೆಂಡತಿ ಇಬ್ಬರೇ, ಅವರು ಬಾಯಿಮಾತಿನಲ್ಲಿ ಹೇಳಿಕೊಡುತ್ತಿದ್ದ ಹಾಗೆ, ಕಂಬ ನಿಲ್ಲಿಸಿ, ನೀರಿಗಿಳಿಸಿ, ತೋಳು ಬಿಚ್ಚಿ, ಬೋಲ್ಟು ಬಿಗಿದು, ಓಡಿಸಿ, ಮತ್ತೆ ಮಡಚಿ ಟ್ರೇಲರಿಗೆ ಹತ್ತಿಸಿ. ಗಡಿಯಾರ ನೋಡಿಕೊಳ್ಳಿ. ಜಾಹೀರಾತಿನಲ್ಲಿ ಅರ್ಧ ಗಂಟೆ ಅಂತಿರುತ್ತದೆ. ಮೊದಲ ಸಲ ನಿಮಗೆ ಎರಡು ಗಂಟೆ ಹಿಡಿದರೆ ಅದು ಸಹಜ, ಹತ್ತನೆಯ ಸಲಕ್ಕೆ ಒಂದು ಗಂಟೆಗೆ ಇಳಿಯುತ್ತದೆ. ನಿಮ್ಮಿಬ್ಬರ ತೋಳಿಗೆ ಮೀರಿದ ಕೆಲಸ ಯಾವುದಾದರೂ ಅಲ್ಲಿ ಕಂಡರೆ, ಮೂರನೆಯವರು ಕೈ ಹಾಕದೆ ಆಗದು ಅನ್ನಿಸಿದರೆ, ದೋಣಿ ಎಷ್ಟೇ ಚೆಂದ ಇದ್ದರೂ ಒಂದು ಅಳತೆ ಚಿಕ್ಕದನ್ನು ನೋಡಲು ಹೊರಡಿ.